ಮೀನು ಆರಾಮಾಗಿವೆ, ಸಿಗಡಿ ಮಾತ್ರ ಒಂದೇ ರಾತ್ರಿಯಲ್ಲಿ ಸಾಯುತ್ತವೆ

ಕೋಡಿಬಾಗ_ಹುಡುಗ
ಮಾರ್ಚ್ 9, ರಾತ್ರಿ 10.52

ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ಮನೆ ಕಾರವಾರದ ಕೋಡಿಬಾಗದಲ್ಲಿ. ಉಪ್ಪುನೀರಿನ ಟ್ಯಾಂಕು, 150 ಲೀಟರ್. ಶುರು ಮಾಡಿ ಹತ್ತು ತಿಂಗಳಾಯಿತು. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಆರು ಸನ್ಯಾಸಿ ಏಡಿ. ಎಲ್ಲ ತಿಂದುಂಡು ಓಡಾಡಿಕೊಂಡಿವೆ.

ಸಿಗಡಿಯದ್ದೇ ಗೋಳು. ಫೆಬ್ರವರಿ 20ಕ್ಕೆ ಮಡಗಾಂವದಿಂದ ಒಂದು ಜೋಡಿ ಕ್ಲೀನರ್ ಶ್ರಿಂಪ್ ತಂದೆ. ಕೆಂಪು ಬೆನ್ನಿನ ನಡುವೆ ಬಿಳಿ ಪಟ್ಟೆ, ಉದ್ದುದ್ದ ಬಿಳಿ ಮೀಸೆ, ಅದೇ. ಮರುದಿನ ಬೆಳಿಗ್ಗೆ ಎರಡೂ ಸತ್ತಿದ್ದವು. ಅಂಗಡಿಯ ಮಾಲೇ ಸರಿ ಇರಲಿಲ್ಲ ಅಂದುಕೊಂಡೆ. ನಿನ್ನೆ ಬೇರೆ ಅಂಗಡಿಯಿಂದ ಇನ್ನೊಂದು ಜೋಡಿ ತಂದೆ. ಈ ಸಲ ಓದಿಕೊಂಡೇ ಕೈ ಹಾಕಿದ್ದು. ಚೀಲವನ್ನು ಟ್ಯಾಂಕಿನಲ್ಲಿ 15 ನಿಮಿಷ ತೇಲಿಸಿದೆ. ಆಮೇಲೆ ಬಕೆಟ್ಟಿಗೆ ಸುರಿದು, ಏರ್ ಪಂಪಿನ ಸಪೂರ ಪೈಪಿನಿಂದ ಟ್ಯಾಂಕಿನ ನೀರನ್ನು ತೊಟ್ಟು ತೊಟ್ಟಾಗಿ ಬಿಟ್ಟೆ. ಮುಕ್ಕಾಲು ಗಂಟೆಗೆ ಬಕೆಟ್ಟಿನ ನೀರು ಎರಡು ಪಟ್ಟಾಯಿತು. ಲೋಟದಲ್ಲಿ ಹಿಡಿದು ಟ್ಯಾಂಕಿಗೆ ಬಿಟ್ಟೆ.

ಹತ್ತು ನಿಮಿಷ ಕಲ್ಲಿನ ಮೇಲೆ ಚೆನ್ನಾಗಿಯೇ ಕೂತಿತ್ತು. ಆಮೇಲೆ ಒಂದು ಸಲ ಬಾಲ ಹೊಡೆದು ಹಿಂದಕ್ಕೆ ಚಿಮ್ಮಿತು. ಮತ್ತೆ ಚಿಮ್ಮಿತು. ಕೊನೆಗೆ ಮರಳಿನ ಮೇಲೆ ಅಡ್ಡ ಬಿದ್ದು ಹೊಟ್ಟೆ ಕೆಳಗಿನ ಕಾಲು ಮಾತ್ರ ಆಡಿಸುತ್ತಿತ್ತು. ಮೈ ಗಾಜಿನ ಹಾಗೆ ಇದ್ದದ್ದು ಹಾಲಿನ ಹಾಗೆ ಬೆಳ್ಳಗಾಯಿತು. ನಡುರಾತ್ರಿಗೆ ಒಂದು, ಬೆಳಿಗ್ಗೆ ಇನ್ನೊಂದು.

ನೀರಿನ ಲೆಕ್ಕ ಕೊಡುತ್ತೇನೆ. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 10, ಪಿಎಚ್ 8.2, ಶಾಖ 27 ಡಿಗ್ರಿ. ಉಪ್ಪು ಅಳೆಯುವ ಹೈಡ್ರೋಮೀಟರ್ 1.025 ತೋರಿಸುತ್ತದೆ, ಅಂದರೆ ಸಮುದ್ರದಷ್ಟೇ. ಇದರಲ್ಲಿ ತಪ್ಪು ಎಲ್ಲಿದೆ ಹೇಳಿ.

ಸುಕ್ಕಾ_ಪ್ರಿಯ
ಮಾರ್ಚ್ 9, ರಾತ್ರಿ 11.05

ಜೋಡಿಗೆ ಎಷ್ಟು ಕೊಟ್ಟೆ ಮಾರಾಯ? ಅಷ್ಟು ದುಡ್ಡಿಗೆ ಮೀನುಪೇಟೆಯಲ್ಲಿ ಬುಟ್ಟಿ ತುಂಬ ಶೆಟ್ಲಿ, ಅದೂ ಸಿಗಡಿಯೇ, ಬರುತ್ತಿತ್ತು. ಅವು ಮೊದಲೇ ಸತ್ತಿರುತ್ತವೆ, ಬೇಜಾರೂ ಇಲ್ಲ.

ಕೋಡಿಬಾಗ_ಹುಡುಗ
ಮಾರ್ಚ್ 9, ರಾತ್ರಿ 11.09

ಎರಡೂವರೆ ಸಾವಿರ. ಮನೆಯಲ್ಲಿ ಎಂಟುನೂರು ಅಂತ ಹೇಳಿದ್ದೇನೆ. ನೀನು ಆಯಿಯ ಎದುರು ಬಾಯಿ ಬಿಡಬೇಡ.

ಶಿರಸಿ_ಸಮುದ್ರ
ಮಾರ್ಚ್ 9, ರಾತ್ರಿ 11.31

ತಮ್ಮಾ, ಮೀನು ಬದುಕಿ ಸಿಗಡಿ ಸತ್ತರೆ ನನಗೆ ಮೊದಲು ನೆನಪಾಗುವುದು ತಾಮ್ರ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಹಾಕುವ ಕೆಲವು ಔಷಧಿಗಳಲ್ಲಿ ತಾಮ್ರ ಇರುತ್ತದೆ. ಮೀನು ತಡೆದುಕೊಳ್ಳುವಷ್ಟು ತಾಮ್ರವನ್ನು ಸಿಗಡಿ ತಡೆಯುವುದಿಲ್ಲ. ಒಮ್ಮೆ ಹಾಕಿದರೆ ಕಲ್ಲು, ಮರಳು ಹೀರಿಕೊಂಡು ಆಮೇಲೂ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತವೆ. ಎಂದಾದರೂ ಹಾಕಿದ್ದೆಯಾ? ಟ್ಯಾಂಕು ಹೊಸದಾ, ಯಾರೋ ಬಳಸಿದ್ದಾ?

ನನ್ನ ಕಥೆ ಕೇಳು. ಶಿರಸಿಯಲ್ಲಿ ಸಮುದ್ರ ಎಲ್ಲಿಂದ ಬರಬೇಕು, ನಾನು ಆರ್‌ಒ ನೀರಿಗೆ ಪ್ಯಾಕೆಟ್ ಉಪ್ಪು ಬೆರೆಸುತ್ತೇನೆ. ಹೋದ ವರ್ಷ ಆರ್‌ಒ ನೀರು ತುಂಬಿಡಲು ಡ್ರಮ್ಮು ಬೇಕಿತ್ತು. ಕೊಟ್ಟಿಗೆಯಲ್ಲಿ ನೀಲಿ ಡ್ರಮ್ಮು ಖಾಲಿ ಬಿದ್ದಿತ್ತು. ಮೂರು ಸಲ ತೊಳೆದೆ, ತುಂಬಿದೆ. ವಾರದೊಳಗೆ ನಾಲ್ಕು ಪೆಪ್ಪರ್‌ಮಿಂಟ್ ಸಿಗಡಿ ಹೋದವು. ಆಮೇಲೆ ಅಪ್ಪ ಬಂದು, "ಅದರಲ್ಲಿ ಬೋರ್ಡೋ ಕಲಸುತ್ತಿದ್ದೆವಲ್ಲೇ" ಅಂದರು. ಅಡಿಕೆಗೆ ಕೊಳೆರೋಗದ ಮದ್ದು. ಮೈಲುತುತ್ತ ಅಂದರೆ ತಾಮ್ರವೇ ಅಲ್ವಾ. ಡ್ರಮ್ಮಿನ ತಳದ ಮೂಲೆಯಲ್ಲಿ ಉಗುರಿನಿಂದ ಕೆರೆದು ನೋಡಿದರೆ ತೆಳು ನೀಲಿ ಹೊಟ್ಟು ಬಂತು. ಈಗ ನಮ್ಮ ಮನೆಯಲ್ಲಿ ಮದ್ದು ಹೊಡೆಯುವ ದಿನ ಯಾರೂ ಟ್ಯಾಂಕಿಗೆ ಕೈ ಹಾಕುವ ಹಾಗಿಲ್ಲ.

ಕೋಡಿಬಾಗ_ಹುಡುಗ
ಮಾರ್ಚ್ 9, ರಾತ್ರಿ 11.40

ಅಕ್ಕಾ, ಟ್ಯಾಂಕು ಹೊಸದೇ. ಔಷಧಿ ಒಂದು ಹನಿಯೂ ಹಾಕಿಲ್ಲ. ಏಡಿಗಳು ಬದುಕಿವೆಯಲ್ಲ, ತಾಮ್ರ ಇದ್ದರೆ ಅವೂ ಹೋಗಬೇಕಿತ್ತು ಅಲ್ವಾ?

ಶಿರಸಿ_ಸಮುದ್ರ
ಮಾರ್ಚ್ 9, ರಾತ್ರಿ 11.43

ಹೌದು, ಆರು ಏಡಿ ಆರಾಮಾಗಿದ್ದರೆ ತಾಮ್ರ ಅಲ್ಲ. ಹಾಗಾದರೆ ಬೇರೆ ಏನೋ ಇದೆ. ಮಲಗುತ್ತೇನೆ, ನಾಳೆ ನೋಡೋಣ.

ಬೈತಖೋಲ್_ಬೋಟು
ಮಾರ್ಚ್ 10, ಬೆಳಿಗ್ಗೆ 5.20

ನೀರು ಎಲ್ಲಿಂದ ತರುತ್ತೀಯೋ?

ಕೋಡಿಬಾಗ_ಹುಡುಗ
ಮಾರ್ಚ್ 10, ಬೆಳಿಗ್ಗೆ 7.15

ಭಾವಾ, ಟಾಗೋರ್ ಬೀಚಿನಿಂದ. ಸ್ಕೂಟರಿನಲ್ಲಿ ಎರಡು ಕ್ಯಾನು. ಸಮುದ್ರದ ಪಕ್ಕದಲ್ಲೇ ಇದ್ದು ಉಪ್ಪಿನ ಪ್ಯಾಕೆಟ್ ಕೊಳ್ಳುವುದು ಯಾಕೆ ಅಂತ. ವಾರಕ್ಕೆ 15 ಲೀಟರ್ ಬದಲಾಯಿಸುತ್ತೇನೆ.

ಬೈತಖೋಲ್_ಬೋಟು
ಮಾರ್ಚ್ 10, ಬೆಳಿಗ್ಗೆ 7.50

ಈಗ ಮಾರ್ಚ್, ಪರವಾಗಿಲ್ಲ. ಆದರೆ ನೀನು ತುಂಬುವ ಜಾಗಕ್ಕೂ ಕಾಳಿ ನದಿಯ ಬಾಯಿಗೂ ಎಷ್ಟು ದೂರ ನೋಡು. ಇಳಿತದ ಹೊತ್ತಿಗೆ ಹೋದರೆ ನಿನ್ನ ಕ್ಯಾನಿಗೆ ಬರುವುದು ಅರ್ಧ ನದಿ. ಭರತಿ ಏರಿ ನಿಂತ ಹೊತ್ತಿಗೆ ತುಂಬಬೇಕು. ಮೃಗಶಿರ ಮಳೆ ಬಿದ್ದ ಮೇಲೆ ತರಲೇಬಾರದು. ಕದ್ರಾ ಅಣೆಕಟ್ಟಿನಲ್ಲಿ ಗೇಟು ತೆಗೆದರಂತೂ ಸದಾಶಿವಗಡದ ಸೇತುವೆ ಕೆಳಗೆ ಬಾಯಿಗೆ ಹಾಕಿ ನೋಡಿದರೆ ಉಪ್ಪೇ ಹತ್ತುವುದಿಲ್ಲ.

ನಮ್ಮ ಬಂದರಿನ ಒಳಗೂ ತುಂಬಬೇಡ. ಮೇಲೆ ಡೀಸೆಲ್ಲಿನ ಬಣ್ಣ ತೇಲುತ್ತಿರುತ್ತದೆ. ದೇವಗಡದ ದೀಪಸ್ತಂಭ ದಾಟಿ ಹೊರಗೆ ಹೋದರೆ ನೀರು ನೀಲಿ, ಅಲ್ಲಿಯದು ಚೆನ್ನ.

ಅಂಕೋಲೆ_ಮೇಡಂ
ಮಾರ್ಚ್ 10, ಬೆಳಿಗ್ಗೆ 10.12

ವಾರಕ್ಕೊಮ್ಮೆ ಬದಲಾಯಿಸುವ ನೀರು ಗೊತ್ತಾಯಿತು. ದಿನಾ ಆವಿಯಾಗಿ ಕಡಿಮೆಯಾಗುವ ನೀರಿಗೆ ಏನು ಹಾಕುತ್ತೀರಿ?

ಕೋಡಿಬಾಗ_ಹುಡುಗ
ಮಾರ್ಚ್ 10, ಮಧ್ಯಾಹ್ನ 1.30

ಮೊದಲು ಆರ್‌ಒ ನೀರು ಹಾಕುತ್ತಿದ್ದೆ. ಫೆಬ್ರವರಿ 5ರ ಸುಮಾರಿಗೆ ಮನೆಯ ಆರ್‌ಒ ಮಷಿನ್ ಕೆಟ್ಟಿತು. ರಿಪೇರಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಅನ್ನುತ್ತಿದ್ದಾನೆ. ಅದಕ್ಕೆ ಅಂದಿನಿಂದ ಸಮುದ್ರದ ನೀರನ್ನೇ ಹಾಕುತ್ತಿದ್ದೇನೆ. ದಿನಕ್ಕೆ ಒಂದು ಲೀಟರ್ ಬೇಕಾಗುತ್ತದೆ, ಫ್ಯಾನ್ ಹಾಕಿದ್ದೇನೆ ಸೆಖೆಗೆ.

ಅಂಕೋಲೆ_ಮೇಡಂ
ಮಾರ್ಚ್ 10, ಮಧ್ಯಾಹ್ನ 2.05

ಸಿಕ್ಕಿತು.

ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಅದರ ಮೇಲೆ ನೀವು ಮತ್ತೆ ಉಪ್ಪುನೀರು ಹಾಕಿದ್ದೀರಿ. ಪೇಪರ್ ತಗೊಂಡು ಲೆಕ್ಕ ಮಾಡಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಫೆಬ್ರವರಿ 5ರಿಂದ ಮಾರ್ಚ್ 9ಕ್ಕೆ 32 ದಿನ. 32ನ್ನು 35ರಿಂದ ಗುಣಿಸಿದರೆ 1,120 ಗ್ರಾಂ. ಅಂದರೆ ಒಂದು ಕಿಲೋಗಿಂತ ಜಾಸ್ತಿ ಉಪ್ಪು ಹೆಚ್ಚಿಗೆ ಬಿದ್ದಿದೆ. 150 ಲೀಟರಿಗೆ ಹಂಚಿ. ಲೀಟರಿಗೆ ಏಳೂವರೆ ಗ್ರಾಂ. ವಾರಕ್ಕೊಮ್ಮೆ ನೀರು ಬದಲಾಯಿಸಿದ್ದರಿಂದ ಸ್ವಲ್ಪ ಇಳಿದಿರಬಹುದು. ನನ್ನ ಅಂದಾಜಿಗೆ ನಿಮ್ಮ ಟ್ಯಾಂಕು ಈಗ 35 ಪಿಪಿಟಿ (ಸಾವಿರ ಪಾಲು ನೀರಿನಲ್ಲಿ ಉಪ್ಪಿನ ಪಾಲು) ಅಲ್ಲ, 40ರ ಮೇಲೆ.

ಕೋಡಿಬಾಗ_ಹುಡುಗ
ಮಾರ್ಚ್ 10, ಮಧ್ಯಾಹ್ನ 2.11

ಮೇಡಂ, ಹೈಡ್ರೋಮೀಟರ್ 1.025 ತೋರಿಸುತ್ತಿದೆಯಲ್ಲ? ನಿನ್ನೆಯೂ ನೋಡಿದೆ.

ಅಂಕೋಲೆ_ಮೇಡಂ
ಮಾರ್ಚ್ 10, ಮಧ್ಯಾಹ್ನ 2.20

ಪ್ಲಾಸ್ಟಿಕ್ ಡಬ್ಬಿಯ ಒಳಗೆ ಮುಳ್ಳು ಮೇಲೇಳುವ ತರಹದ್ದು ಅಲ್ವಾ? ಆ ಮುಳ್ಳಿನ ಮೇಲೆ ಬೆಳ್ಳಗೆ ಕಟ್ಟಿದೆಯಾ ನೋಡಿ. ಉಪ್ಪು, ಸುಣ್ಣ ಅಂಟಿದರೆ ಮುಳ್ಳು ಭಾರವಾಗಿ ಕಮ್ಮಿ ತೋರಿಸುತ್ತದೆ. ಗಾಳಿಗುಳ್ಳೆ ಅಂಟಿದರೆ ಹಗುರಾಗಿ ಜಾಸ್ತಿ ತೋರಿಸುತ್ತದೆ. ವಿನಿಗರ್‌ನಲ್ಲಿ ಒಂದು ಗಂಟೆ ನೆನೆಸಿ, ತೊಳೆದು ಮತ್ತೆ ನೋಡಿ. ಸಾಧ್ಯವಾದರೆ ಯಾರದ್ದಾದರೂ ರಿಫ್ರಾಕ್ಟೋಮೀಟರ್ (ಒಂದು ಹನಿ ನೀರು ಹಾಕಿ, ದುರ್ಬೀನಿನ ಹಾಗೆ ಕಣ್ಣಿಟ್ಟು ಉಪ್ಪು ಅಳೆಯುವುದು) ತಂದು ಅಳೆಯಿರಿ.

ಇನ್ನೊಂದು ವಿಷಯ. ಮೊನ್ನೆ ಸಿಗಡಿ ಇಟ್ಟಿದ್ದ ಬಕೆಟ್ಟಿನ ನೀರು ಚೆಲ್ಲಿದಿರಾ?

ಕೋಡಿಬಾಗ_ಹುಡುಗ
ಮಾರ್ಚ್ 10, ಮಧ್ಯಾಹ್ನ 2.24

ಇಲ್ಲ, ಬಚ್ಚಲಲ್ಲಿ ಹಾಗೇ ಇದೆ. ಮೇಲೆ ಹಲಗೆ ಮುಚ್ಚಿದ್ದೆ, ಹಾರಬಾರದು ಅಂತ. ಆಯಿ ಬೆಳಿಗ್ಗೆಯಿಂದ ಬೈಯುತ್ತಿದ್ದಾಳೆ.

ಅಂಕೋಲೆ_ಮೇಡಂ
ಮಾರ್ಚ್ 10, ಮಧ್ಯಾಹ್ನ 2.26

ಚೆಲ್ಲಬೇಡಿ. ಅದನ್ನೂ ಅಳೆಯಿರಿ.

ಕೋಡಿಬಾಗ_ಹುಡುಗ
ಮಾರ್ಚ್ 10, ರಾತ್ರಿ 9.48

ಗೆಳೆಯನೊಬ್ಬನಿಂದ ರಿಫ್ರಾಕ್ಟೋಮೀಟರ್ ತಂದೆ. ಅವನ ಹತ್ತಿರವೇ 35 ಪಿಪಿಟಿಯ ಅಳತೆ ದ್ರಾವಣ ಇತ್ತು, ಅದಕ್ಕೆ ಸರಿಹೊಂದಿಸಿಕೊಂಡು ನೋಡಿದೆ.

ಟ್ಯಾಂಕು 41. ಬಕೆಟ್ಟು 36.

ಹೈಡ್ರೋಮೀಟರನ್ನು ವಿನಿಗರ್‌ಗೆ ಹಾಕಿದರೆ ಸೋಡಾ ಹಾಗೆ ಬುಸುಬುಸು ಅಂತ ನೊರೆ ಬಂತು. ತೊಳೆದ ಮೇಲೆ ಅದೂ 1.030 ದಾಟಿ ತೋರಿಸುತ್ತಿದೆ. ಅಂಗಡಿಯವರನ್ನು ಬೈದದ್ದು ವಾಪಸು ತಗೊಂಡೆ.

ಅಂಕೋಲೆ_ಮೇಡಂ
ಮಾರ್ಚ್ 10, ರಾತ್ರಿ 10.10

ಈಗ ಉಳಿದ ಲೆಕ್ಕ. ಬಕೆಟ್ಟಿನಲ್ಲಿ ಅರ್ಧ ಚೀಲದ ನೀರು, ಅರ್ಧ ನಿಮ್ಮ ಟ್ಯಾಂಕಿನದು. ಎರಡೂ ಸೇರಿ 36 ಬಂದಿದೆ. ನಿಮ್ಮದು 41 ಆದರೆ ಚೀಲದ್ದು 31. ಅಂಗಡಿಗಳಲ್ಲಿ ಮೀನಿನ ಟ್ಯಾಂಕುಗಳಿಗೆ ಉಪ್ಪು ಸ್ವಲ್ಪ ಕಮ್ಮಿ ಇಡುವುದು ಮಾಮೂಲು.

ಅಂದರೆ ಸಿಗಡಿ 31ರಿಂದ 36ಕ್ಕೆ ಮುಕ್ಕಾಲು ಗಂಟೆಯಲ್ಲಿ ಹತ್ತಿತು. ಅಲ್ಲಿಂದ 41ಕ್ಕೆ ಲೋಟದಲ್ಲಿ ಒಂದೇ ನೆಗೆತ. ಡ್ರಿಪ್ ಹಾಕಿದ್ದು ಅರ್ಧ ದಾರಿಗೆ ಮಾತ್ರ.

ಶಿರಸಿ_ಸಮುದ್ರ
ಮಾರ್ಚ್ 10, ರಾತ್ರಿ 10.22

ಅಪ್ಪೆಮಿಡಿಗೆ ಉಪ್ಪು ಹಾಕಿದ ಮೇಲೆ ಮೂರನೇ ದಿನಕ್ಕೆ ಹೇಗೆ ಸುಕ್ಕುಗಟ್ಟುತ್ತದೆ ನೋಡಿದ್ದೀಯಲ್ಲ? ಒಳಗಿನ ನೀರೆಲ್ಲ ಹೊರಗೆ. ಸಿಗಡಿಗೆ ಆದದ್ದೂ ಅದೇ. ಜೀವಂತ ಮಿಡಿ ಹಾಕಿದ್ದೀ ತಮ್ಮಾ ನೀನು.

ಕೋಡಿಬಾಗ_ಹುಡುಗ
ಮಾರ್ಚ್ 10, ರಾತ್ರಿ 10.25

ಅಯ್ಯೋ ಹಾಗೆ ಹೇಳಬೇಡಿ ಅಕ್ಕಾ. ಆದರೆ ಮೀನು, ಏಡಿ ಯಾಕೆ ಸಾಯಲಿಲ್ಲ?

ಗಜನಿ_ಮನುಷ್ಯ
ಮಾರ್ಚ್ 11, ಬೆಳಿಗ್ಗೆ 6.40

ಅವು ಟ್ಯಾಂಕಿನ ಜೊತೆಗೇ ಏರಿದವು. ದಿನಕ್ಕೆ ಕಾಲು ಪಿಪಿಟಿ ಲೆಕ್ಕದಲ್ಲಿ ಒಂದು ತಿಂಗಳು. ನಿನ್ನ ಸಿಗಡಿಗೆ ಆ ತಿಂಗಳು ಸಿಗಲಿಲ್ಲ.

ನಾನು ಕುಮಟಾ ಕಡೆಯವನು. ಅಘನಾಶಿನಿ ದಂಡೆಯಲ್ಲಿ ಸಿಗಡಿ ಕೆರೆ ನೋಡಿಕೊಂಡಿದ್ದೆ, ಅದಕ್ಕೂ ಮೊದಲು ಮರಿ ಕೇಂದ್ರದಲ್ಲಿ ಕೆಲಸ. ಮರಿ ಬರುವುದು ಬೆಳಗಿನ ಜಾವ, ಆಕ್ಸಿಜನ್ ತುಂಬಿದ ಚೀಲದಲ್ಲಿ. ಚೀಲಗಳನ್ನು ಕೆರೆಯಲ್ಲಿ ತೇಲಿಸಿ, ಶಾಖ ಒಂದಾದ ಮೇಲೆ ಬಾಯಿ ಬಿಚ್ಚಿ, ಮಗ್ಗಿನಲ್ಲಿ ಕೆರೆಯ ನೀರನ್ನು ಸ್ವಲ್ಪ ಸ್ವಲ್ಪ ಹೊಯ್ಯುತ್ತಿದ್ದೆವು. ಗಂಟೆಗೆ ಒಂದೆರಡು ಪಿಪಿಟಿಗಿಂತ ಜಾಸ್ತಿ ಬದಲಾಗದ ಹಾಗೆ. ಹೊಸಬರು ಗಡಿಯಾರ ನೋಡುತ್ತಿದ್ದರು. ನಮ್ಮ ಮೇಸ್ತ್ರಿ ಬೈಯುತ್ತಿದ್ದ, "ಗಡಿಯಾರ ಯಾಕೆ ನೋಡುತ್ತೀ, ಮರಿ ನೋಡು" ಅಂತ. ಮರಿ ಚೀಲದ ಗೋಡೆ ಹಿಡಿದು ಎದುರು ಈಜುತ್ತಿದ್ದರೆ ಮುಂದುವರಿಸು. ತಳಕ್ಕೆ ಕೂತರೆ, ಮೈ ಬೆಳ್ಳಗಾದರೆ ಮಗ್ಗು ಕೆಳಗಿಡು.

ಅವು ಆದರೂ ಗಟ್ಟಿ ಜಾತಿ. ನಮ್ಮ ಬಿಳಿ ಸಿಗಡಿ, ಟೈಗರ್, ಈಗಿನ ವನಾಮಿ ಎಲ್ಲ ಹಿನ್ನೀರಿನಲ್ಲಿ ಬದುಕಬಲ್ಲವು. ಗಜನಿಯಲ್ಲಿ, ಅಂದರೆ ಹೊಳೆ ದಂಡೆಯ ಉಪ್ಪುನೀರಿನ ಗದ್ದೆಯಲ್ಲಿ, ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುವಷ್ಟು ಸಿಹಿ ನೀರು, ಬೇಸಿಗೆಗೆ ಸಮುದ್ರದಷ್ಟು ಉಪ್ಪು. ಅದನ್ನೆಲ್ಲ ತಡೆಯುತ್ತವೆ. ನೀನು ತಂದದ್ದು ಹವಳದ ದಿಬ್ಬದ ಸಿಗಡಿ. ಅದಕ್ಕೆ ವರ್ಷಪೂರ್ತಿ ಒಂದೇ ನೀರು ಗೊತ್ತು.

ಅಂಕೋಲೆ_ಮೇಡಂ
ಮಾರ್ಚ್ 11, ಬೆಳಿಗ್ಗೆ 9.30

ಗಜನಿಯವರು ಹೇಳಿದ್ದು ಸರಿ. ಹಿನ್ನೀರಿನ ಜಾತಿಗಳಿಗೆ ಕಿವಿರಿನಲ್ಲೇ ಉಪ್ಪನ್ನು ಒಳಗೆಳೆದುಕೊಳ್ಳುವ, ಹೊರಹಾಕುವ ವ್ಯವಸ್ಥೆ ಗಟ್ಟಿ. ಕ್ಲೀನರ್ ಶ್ರಿಂಪ್‌ಗೆ, ಅಂದರೆ ಲಿಸ್ಮಾಟಾ ಅಂಬೋಯಿನೆನ್ಸಿಸ್‌ಗೆ, ಆ ಬಲ ಕಮ್ಮಿ. ಹೊರಗೆ ಎಷ್ಟಿದೆಯೋ ಒಳಗೂ ಹೆಚ್ಚುಕಮ್ಮಿ ಅಷ್ಟೇ ಆಗಲು ನೋಡುತ್ತದೆ. ಅದಕ್ಕೆ ಸಮಯ ಕೊಡಬೇಕು.

ಮೊದಲು ಟ್ಯಾಂಕು ಇಳಿಸಿ. ಒಂದೇ ಸಲ ಇಳಿಸಿದರೆ ಮೀನಿಗೂ ಏಡಿಗೂ ತೊಂದರೆ. ದಿನಕ್ಕೆ 4 ಲೀಟರ್ ಟ್ಯಾಂಕಿನ ನೀರು ತೆಗೆದು 4 ಲೀಟರ್ ಆರ್‌ಒ ನೀರು ಹಾಕಿ. ದಿನಕ್ಕೆ ಒಂದು ಪಿಪಿಟಿ ಇಳಿಯುತ್ತದೆ, ಆರು ದಿನದಲ್ಲಿ 35ಕ್ಕೆ ಬರುತ್ತದೆ. ಆವಿಯಾದದ್ದಕ್ಕೂ ಆರ್‌ಒ ನೀರೇ, ಅದು ಬೇರೆ. ಟ್ಯಾಂಕಿನ ಗಾಜಿಗೆ ಒಂದು ಗೆರೆ ಎಳೆದಿಟ್ಟುಕೊಳ್ಳಿ, ದಿನಾ ಆ ಗೆರೆಯವರೆಗೆ ತುಂಬಿ.

ಹೊನ್ನಾವರ_ಹೊಸಬ
ಮಾರ್ಚ್ 11, ಬೆಳಿಗ್ಗೆ 11.15

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನಿನ್ನೂ ಶುರು ಮಾಡಬೇಕಷ್ಟೆ. ಪ್ಯಾಕೆಟ್ ಉಪ್ಪು ದುಬಾರಿ. ಗೋಕರ್ಣದ ಹತ್ತಿರ ಸಾಣಿಕಟ್ಟಾ ಉಪ್ಪು ಸಿಗುತ್ತದಲ್ಲ, ಅದೂ ಸಮುದ್ರದ ನೀರಿನದ್ದೇ. ಆರ್‌ಒ ನೀರಿಗೆ ಲೀಟರಿಗೆ 35 ಗ್ರಾಂ ಹಾಕಿದರೆ ಸಮುದ್ರ ಆಗುವುದಿಲ್ಲವಾ? ಮತ್ತೆ ನೇತ್ರಾಣಿ ದ್ವೀಪದ ಕಡೆ ಹೋಗುವವರ ಹತ್ತಿರ ಹೇಳಿ ಒಂದೆರಡು ಹವಳದ ಕಲ್ಲು, ಸಿಗಡಿ ತರಿಸಬಹುದಾ?

ಗಜನಿ_ಮನುಷ್ಯ
ಮಾರ್ಚ್ 11, ಮಧ್ಯಾಹ್ನ 12.40

ಸಾಣಿಕಟ್ಟಾ ಉಪ್ಪು ಗಂಜಿಗೆ, ಉಪ್ಪಿನಕಾಯಿಗೆ ಬಹಳ ಒಳ್ಳೆಯದು. ಟ್ಯಾಂಕಿಗೆ ಆಗುವುದಿಲ್ಲ. ಉಪ್ಪಿನ ಆಗರದಲ್ಲಿ ನೀರು ಬತ್ತುವಾಗ ಎಲ್ಲ ಒಟ್ಟಿಗೆ ಹರಳುಗಟ್ಟುವುದಿಲ್ಲ. ಮೊದಲು ಸುಣ್ಣ, ಜಿಪ್ಸಮ್ ತಳಕ್ಕೆ ಕೂರುತ್ತವೆ. ಆಮೇಲೆ ಉಪ್ಪು. ಅದನ್ನು ಎಳೆದು ರಾಶಿ ಹಾಕುತ್ತಾರೆ. ಕೊನೆಗೆ ಕಹಿ ನೀರು ಉಳಿಯುತ್ತದೆ, ಮೆಗ್ನೀಶಿಯಂ ಎಲ್ಲ ಅದರಲ್ಲೇ. ಅಂದರೆ ನಿನ್ನ ಕೈಗೆ ಬರುವುದು ಸಮುದ್ರದ ಒಂದು ಪಾಲು ಮಾತ್ರ.

ಅಂಕೋಲೆ_ಮೇಡಂ
ಮಾರ್ಚ್ 11, ಮಧ್ಯಾಹ್ನ 12.58

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಮೆಗ್ನೀಶಿಯಂ ಸುಮಾರು 1,300 ಮಿಲಿಗ್ರಾಂ, ಕ್ಯಾಲ್ಸಿಯಂ 400ರ ಮೇಲೆ. ಸಿಗಡಿ ಪೊರೆ ಬಿಟ್ಟು ಹೊಸ ಚಿಪ್ಪು ಗಟ್ಟಿ ಮಾಡಿಕೊಳ್ಳಲು ಇವೆರಡೂ ಬೇಕು. ರಿಫ್ರಾಕ್ಟೋಮೀಟರ್ 35 ತೋರಿಸಿದರೂ ಒಳಗೆ ಇವಿಲ್ಲದಿದ್ದರೆ ಪ್ರಯೋಜನ ಇಲ್ಲ.

ಮುರ್ಡೇಶ್ವರ_ಡೈವರ್
ಮಾರ್ಚ್ 11, ಸಂಜೆ 6.05

ನೇತ್ರಾಣಿಯ ಮಾತು ಬಂತು, ಅದಕ್ಕೆ ಬರೆದೆ. ಗಟ್ಟಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಹುಲಿ ಇರುವ ಪಟ್ಟಿ ಅದು. 2001ರಲ್ಲಿ ಸೇರಿಸಿದ್ದು. ಸಮುದ್ರ ಕುದುರೆ, ಸಮುದ್ರ ಸೌತೆ ಕೂಡ. ಕಲ್ಲಿಗೆ ಬೆರಳುದ್ದ ಹವಳ ಅಂಟಿದ್ದರೂ ಕೇಸು. ನಮ್ಮ ಬೋಟಿನಲ್ಲಿ ಯಾರಾದರೂ ಚೀಲಕ್ಕೆ ಕಲ್ಲು ಹಾಕಿದರೆ ಅಲ್ಲೇ ವಾಪಸು ಹಾಕಿಸುತ್ತೇವೆ.

ಹೊನ್ನಾವರ_ಹೊಸಬ
ಮಾರ್ಚ್ 11, ಸಂಜೆ 6.20

ಗೊತ್ತಿರಲಿಲ್ಲ ಅಣ್ಣಾ, ಬಿಟ್ಟೆ. ಇನ್ನೊಂದೇ ಪ್ರಶ್ನೆ. ಹಾಗಾದರೆ ಡ್ರಿಪ್ ಎಷ್ಟು ಹೊತ್ತು? ಒಬ್ಬರು ಅರ್ಧ ಗಂಟೆ ಅನ್ನುತ್ತಾರೆ, ಒಬ್ಬರು ನಾಲ್ಕು ಗಂಟೆ ಅನ್ನುತ್ತಾರೆ.

ಗಜನಿ_ಮನುಷ್ಯ
ಮಾರ್ಚ್ 11, ಸಂಜೆ 7.00

ಎರಡೂ ನೀರು ಅಳೆ. ಚೀಲದ್ದು 34, ನಿನ್ನದು 35 ಇದ್ದರೆ ಅರ್ಧ ಗಂಟೆ ಸಾಕು. 30ರಿಂದ 35ಕ್ಕೆ ಹೋಗಬೇಕಾದರೆ ಮೂರು ಗಂಟೆಯೂ ಕಮ್ಮಿಯೇ. ಅಳೆಯದೆ ಗಂಟೆ ಕೇಳುವುದು ಅಂದರೆ ಊರು ಹೇಳದೆ ಬಸ್ ಚಾರ್ಜ್ ಕೇಳಿದ ಹಾಗೆ.

ಶಿರಸಿ_ಸಮುದ್ರ
ಮಾರ್ಚ್ 11, ರಾತ್ರಿ 9.15

ಇಲ್ಲಿ ನನ್ನದೊಂದು ತಕರಾರು ಇದೆ. ಮಡಗಾಂವದಿಂದ ಕಾರವಾರಕ್ಕೆ ರೈಲಿನಲ್ಲಿ ಒಂದೂವರೆ ಗಂಟೆ. ಅವರಿಗೆ ನಿಧಾನದ ಡ್ರಿಪ್ ಸರಿ. ನನಗೆ ಬರುವುದು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ. ಅಂಗಡಿಯವರು ಮಧ್ಯಾಹ್ನ ಕಟ್ಟಿದ್ದು ನನ್ನ ಕೈಗೆ ಸಿಗುವಾಗ ಮರುದಿನ ಬೆಳಿಗ್ಗೆ ಎಂಟು. ಹದಿನೆಂಟು ಇಪ್ಪತ್ತು ಗಂಟೆ ಅದೇ ನೀರಿನಲ್ಲಿ ಉಸಿರಾಡಿ, ಅದರಲ್ಲೇ ಹೇಲು ಉಚ್ಚೆ.

ಆ ಚೀಲದಲ್ಲಿ ಅಮೋನಿಯ ಇರುತ್ತದೆ. ಆದರೆ ಸಿಗಡಿ ಬಿಟ್ಟ ಇಂಗಾಲದ ಡೈ ಆಕ್ಸೈಡ್‌ನಿಂದ ಪಿಎಚ್ ಕೆಳಗಿಳಿದಿರುತ್ತದೆ, ಹಾಗಾಗಿ ಆ ಅಮೋನಿಯ ಅಷ್ಟು ವಿಷ ಅಲ್ಲ. ನಾವು ಚೀಲ ಬಿಚ್ಚುತ್ತೇವೆ, ಗಾಳಿ ತಾಗುತ್ತದೆ, 8.2ರ ಟ್ಯಾಂಕಿನ ನೀರು ಬೀಳುತ್ತದೆ. ಪಿಎಚ್ ಏರುತ್ತದೆ. ಅದೇ ಅಮೋನಿಯ ಆಗ ವಿಷ. ಅದರಲ್ಲಿ ಸಿಗಡಿಯನ್ನು ಮೂರು ಗಂಟೆ ಕೂರಿಸಿ ಕಾಳಜಿ ಮಾಡುತ್ತಿದ್ದೇವೆ ಅಂದುಕೊಳ್ಳುತ್ತೇವೆ.

ನಾನು ಮಾಡುವುದು ಹೀಗೆ. ಹಿಂದಿನ ದಿನವೇ ಅಂಗಡಿಗೆ ಫೋನ್ ಮಾಡಿ ಅವರ ಟ್ಯಾಂಕಿನ ಉಪ್ಪು ಎಷ್ಟು ಅಂತ ಕೇಳುತ್ತೇನೆ. 31 ಅಂದರೆ ಹತ್ತು ಲೀಟರ್ ಹೊಸ ನೀರನ್ನು 31ಕ್ಕೇ ಮಾಡಿ, ಗಾಳಿ ಬಿಟ್ಟು, ಶಾಖ ಸರಿ ಮಾಡಿ ಇಡುತ್ತೇನೆ. ಚೀಲ ಬಂದ ಕೂಡಲೇ ಚೀಲದ ನೀರನ್ನೂ ಒಂದು ಹನಿ ಅಳೆದು ನೋಡಿ, ಸಿಗಡಿಯನ್ನು ಲೋಟದಲ್ಲಿ ಎತ್ತಿ ಆ ಶುದ್ಧ ನೀರಿಗೆ ಬಿಡುತ್ತೇನೆ. ಅಲ್ಲಿಂದ ಡ್ರಿಪ್. ಆಗ ನಾಲ್ಕು ಗಂಟೆ ಆದರೂ ಚಿಂತೆ ಇಲ್ಲ.

ಗಜನಿ_ಮನುಷ್ಯ
ಮಾರ್ಚ್ 11, ರಾತ್ರಿ 9.40

ಒಪ್ಪಿದೆ. ದೂರದಿಂದ ಬಂದದ್ದಕ್ಕೆ ಇದೇ ಸರಿ. ಅಂಗಡಿಯವನು ಫೋನಿನಲ್ಲಿ ನಿಜ ಹೇಳಿದರೆ.

ಶಿರಸಿ_ಸಮುದ್ರ
ಮಾರ್ಚ್ 11, ರಾತ್ರಿ 9.42

ಒಮ್ಮೆ 35 ಅಂದವರ ಚೀಲ 28 ಇತ್ತು. ಅದಕ್ಕೇ ಆ ಒಂದು ಹನಿ. ಪಕ್ಕದಲ್ಲಿ ಆರ್‌ಒ ನೀರಿನ ಕ್ಯಾನು ಇಟ್ಟುಕೊಂಡೇ ಚೀಲ ಬಿಚ್ಚುತ್ತೇನೆ, ಇಳಿಸಬೇಕಾದರೆ ಅಲ್ಲೇ ಇಳಿಸಲಿಕ್ಕೆ.

ಕೋಡಿಬಾಗ_ಹುಡುಗ
ಮಾರ್ಚ್ 17, ರಾತ್ರಿ 8.30

ಆರ್‌ಒ ರಿಪೇರಿಯವನು ಕೊನೆಗೂ ಬಂದ. ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಆರು ದಿನ. ಇವತ್ತು ಟ್ಯಾಂಕು 35. ಮಾರ್ಕರ್ ಪೆನ್ನಿನಿಂದ ಗಾಜಿಗೆ ಗೆರೆ ಎಳೆದಿದ್ದೇನೆ. ಕ್ಲೌನ್ ಮೀನುಗಳ ಬಣ್ಣ ಜಾಸ್ತಿ ಆದ ಹಾಗೆ ಕಾಣುತ್ತದೆ, ನನ್ನ ಭ್ರಮೆಯೂ ಇರಬಹುದು.

ಕೋಡಿಬಾಗ_ಹುಡುಗ
ಮಾರ್ಚ್ 23, ರಾತ್ರಿ 12.35

ಮೂರನೇ ಜೋಡಿ ಬಂತು. ಮಲಗುವ ಮೊದಲು ಬರೆದಿಡುತ್ತೇನೆ.

ಗೆಳೆಯನ ರಿಫ್ರಾಕ್ಟೋಮೀಟರ್ ಜೇಬಿಗೆ ಹಾಕಿಕೊಂಡೇ ಅಂಗಡಿಗೆ ಹೋದೆ. ಅವರ ಟ್ಯಾಂಕಿನಿಂದ ಒಂದು ಹನಿ ತೆಗೆದು ನೋಡಿದೆ, ಅಂಗಡಿಯವರು ವಿಚಿತ್ರವಾಗಿ ನೋಡಿದರು. 31. ಮೊದಲಿನ ಲೆಕ್ಕದ ಪ್ರಕಾರವೇ. ಹಿಡಿಯಲು ಬಲೆ ತೆಗೆದರು, ಬೇಡ ಡಬ್ಬಿಯಲ್ಲಿ ಎತ್ತಿ ಅಂದೆ. ಮೀಸೆ ಬಲೆಗೆ ಸಿಕ್ಕಿಕೊಂಡರೆ ಮುರಿಯುತ್ತದೆ.

ಮನೆಗೆ ಬಂದಾಗ ಏಳೂವರೆ. ಲೈಟು ಆರಿಸಿದೆ. ಚೀಲ ತೇಲಿಸಿ, ಆಮೇಲೆ ಪ್ಲಾಸ್ಟಿಕ್ ಡಬ್ಬಿಗೆ ಸುರಿದೆ. ಸುಮಾರು 600 ಮಿಲಿ ನೀರು. ಡಬ್ಬಿಯನ್ನು ಟ್ಯಾಂಕಿನ ಒಳಗೇ ಅಂಚಿಗೆ ಸಿಕ್ಕಿಸಿದೆ, ಶಾಖ ಇಳಿಯದ ಹಾಗೆ. ಪಕ್ಕದ ಸ್ಟೂಲಿನ ಮೇಲಿದ್ದ ಬಕೆಟ್ಟಿಗೆ ಟ್ಯಾಂಕಿನ ನೀರು ತುಂಬಿ ಎತ್ತರಕ್ಕೆ ಏರಿಸಿ, ಅಲ್ಲಿಂದ ಪೈಪು ಇಳಿಬಿಟ್ಟೆ. ಪೈಪಿಗೆ ಒಂದು ಗಂಟು. ಗಂಟು ಬಿಗಿ ಮಾಡಿದರೆ ನಿಲ್ಲುತ್ತದೆ, ಸಡಿಲ ಮಾಡಿದರೆ ಸುರಿಯುತ್ತದೆ. ಹತ್ತು ನಿಮಿಷ ಅದರ ಜೊತೆಯೇ ಗುದ್ದಾಡಿದೆ. ಕೊನೆಗೆ ಸೆಕೆಂಡಿಗೆ ಎರಡು ತೊಟ್ಟಿಗೆ ನಿಂತಿತು. ಕೆಳಗೆ ಲೋಟ ಹಿಡಿದು ಅಳೆದರೆ ನಿಮಿಷಕ್ಕೆ 6 ಮಿಲಿ, ಗಂಟೆಗೆ 360.

ಒಂಬತ್ತೂವರೆಗೆ ನೀರು ಎರಡು ಪಟ್ಟು, 33. ಅರ್ಧ ತೆಗೆದು ಚೆಲ್ಲಿದೆ. ಮತ್ತೆ ಎರಡು ಪಟ್ಟು, ಈ ಸಲ ಸ್ವಲ್ಪ ಜೋರಾಗಿ. ಹತ್ತು ಮುಕ್ಕಾಲಿಗೆ 34. ಮತ್ತೆ ಅರ್ಧ ತೆಗೆದೆ. ಹನ್ನೆರಡಕ್ಕೆ ಮೂವತ್ತನಾಲ್ಕೂವರೆ. ಅಷ್ಟೂ ಹೊತ್ತು ಗಡಿಯಾರ ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಸಿಗಡಿಯನ್ನೇ ಜಾಸ್ತಿ ನೋಡಿದೆ. ಎರಡೂ ಡಬ್ಬಿಯ ಗೋಡೆಗೆ ಕಾಲು ಕೊಟ್ಟು ಮೀಸೆ ಆಡಿಸುತ್ತಿದ್ದವು. ಮೈ ಗಾಜಿನ ಹಾಗೇ ಇತ್ತು.

ಲೋಟದಲ್ಲಿ ಎತ್ತಿ ಕಲ್ಲಿನ ಹತ್ತಿರ ಬಿಟ್ಟೆ. ಡಬ್ಬಿಯ ನೀರು ಟ್ಯಾಂಕಿಗೆ ಹಾಕಲಿಲ್ಲ. ಚಿಮ್ಮಲಿಲ್ಲ. ನಡೆದುಕೊಂಡೇ ಕಲ್ಲಿನ ಸಂದಿಗೆ ಹೋದವು.

ಕೋಡಿಬಾಗ_ಹುಡುಗ
ಮಾರ್ಚ್ 25, ಬೆಳಿಗ್ಗೆ 6.50

ಎರಡು ದಿನ ಚೆನ್ನಾಗಿದ್ದವು. ಈಗ ಆಯಿ ಎಬ್ಬಿಸಿದಳು, "ನಿನ್ನ ಶೆಟ್ಲಿ ಸತ್ತಿದೆ" ಅಂತ. ಹೋಗಿ ನೋಡಿದರೆ ಮರಳಿನ ಮೇಲೆ ಒಂದು ಅಡ್ಡ ಬಿದ್ದಿದೆ, ಮೀಸೆ ಸಮೇತ. ಇನ್ನೊಂದು ಕಲ್ಲಿನ ಮೇಲಿದೆ. ಕೈಕಾಲು ಆಡುತ್ತಿಲ್ಲ ನನಗೆ. ಎಲ್ಲ ಸರಿ ಮಾಡಿದ್ದೆನಲ್ಲ?

ಶಿರಸಿ_ಸಮುದ್ರ
ಮಾರ್ಚ್ 25, ಬೆಳಿಗ್ಗೆ 6.58

ಮುಟ್ಟಬೇಡ. ಟಾರ್ಚ್ ಹಾಕಿ ನೋಡು, ಒಳಗೆ ಮಾಂಸ ಇದೆಯಾ ಖಾಲಿಯಾ? ತಲೆ ಮತ್ತು ಹೊಟ್ಟೆ ಸೇರುವ ಜಾಗದಲ್ಲಿ ಸೀಳಿದೆಯಾ?

ಕೋಡಿಬಾಗ_ಹುಡುಗ
ಮಾರ್ಚ್ 25, ಬೆಳಿಗ್ಗೆ 7.06

ಖಾಲಿ! ಆಚೆ ಬದಿಯ ಬೆಳಕು ಕಾಣುತ್ತದೆ. ಬೆನ್ನಿನ ಹತ್ತಿರ ಸೀಳಿದೆ. ಎರಡನೆಯದು ಪಂಪಿನ ಹಿಂದೆ ಅಡಗಿ ಕೂತಿದೆ. ಆಯಿ ಈಗ "ಒಟ್ಟು ಮೂರು ಇದ್ದವಾ" ಅಂತ ಕೇಳುತ್ತಿದ್ದಾಳೆ.

ಅಂಕೋಲೆ_ಮೇಡಂ
ಮಾರ್ಚ್ 25, ಬೆಳಿಗ್ಗೆ 7.30

ಪೊರೆ ಬಿಟ್ಟಿದೆ ಅಷ್ಟೆ. ನೀರು ಬದಲಾದಾಗ ಹೀಗೆ ಬೇಗ ಬಿಡುವುದುಂಟು. ಒಂದೆರಡು ದಿನ ಮೈ ಮೆತ್ತಗಿರುತ್ತದೆ, ಅದಕ್ಕೇ ಅಡಗಿದೆ. ಪಂಪಿನ ಹಿಂದೆ ಕೈ ಹಾಕಬೇಡಿ. ಪೊರೆಯನ್ನೂ ಅಲ್ಲೇ ಬಿಡಿ, ಅವೇ ತಿಂದುಕೊಳ್ಳಬಹುದು.

ಸುಕ್ಕಾ_ಪ್ರಿಯ
ಏಪ್ರಿಲ್ 6, ರಾತ್ರಿ 10.20

ಇವತ್ತು ಇವನ ಮನೆಗೆ ಹೋಗಿದ್ದೆ. ಟ್ಯಾಂಕಿಗೆ ಕೈ ಇಡು ಅಂದ. ಇಟ್ಟೆ. ಆ ಶೆಟ್ಲಿ ನಡೆದುಕೊಂಡು ಬಂದು ಕೈ ಮೇಲೆ ಹತ್ತಿ ಉಗುರಿನ ಸಂದಿ ಕೆದಕಿ ಕೆದಕಿ ಕ್ಲೀನ್ ಮಾಡಿತು. ಕಚಗುಳಿ. ರಾತ್ರಿ ನಮ್ಮ ಮನೆಯಲ್ಲಿ ಸುಕ್ಕಾ ಇತ್ತು. ತಿಂದೆ. ಸ್ವಲ್ಪ ಕಮ್ಮಿ ತಿಂದೆ.

ಮತ್ತೆ, ಆಯಿ ಕೇಳಿದರು. ಎರಡೂವರೆ ಸಾವಿರ ಅಂದುಬಿಟ್ಟೆ. ಮರೆತೇ ಹೋಗಿತ್ತು ಮಾರಾಯ.

ಕೋಡಿಬಾಗ_ಹುಡುಗ
ಏಪ್ರಿಲ್ 6, ರಾತ್ರಿ 10.31

ನಿನಗೆ ಇನ್ನು ಮನೆಗೆ ಪ್ರವೇಶ ಇಲ್ಲ.

ಬೈತಖೋಲ್ ಭಾವಾ, ಮಳೆ ಶುರುವಾಗುವ ಮೊದಲು ಹತ್ತು ಕ್ಯಾನು ನೀರು ತುಂಬಿ ಕತ್ತಲ ಕೋಣೆಯಲ್ಲಿ ಇಡಬೇಕು ಅಂತಿದ್ದೇನೆ. ಜೂನ್ 1ಕ್ಕೆ ನಿಮ್ಮ ಬೋಟು ಕಟ್ಟಿಬಿಡುತ್ತೀರಲ್ಲ, ಅದಕ್ಕೂ ಮೊದಲು ಒಂದು ದಿನ ಜಾಗ ಸಿಗಬಹುದಾ?

ಬೈತಖೋಲ್_ಬೋಟು
ಏಪ್ರಿಲ್ 7, ಬೆಳಿಗ್ಗೆ 4.45

ಮೇ ಮೊದಲ ವಾರ ಬಾ. ಇದೇ ಹೊತ್ತಿಗೆ ಬಂದರಿನಲ್ಲಿರಬೇಕು, ಕಾಯುವುದಿಲ್ಲ. ಕ್ಯಾನು ಹೊಸದು ತಾ, ಎಣ್ಣೆ ವಾಸನೆಯದ್ದು ಬೇಡ. ಆ ಅಳೆಯುವ ದುರ್ಬೀನೂ ತಾ, ನಮ್ಮ ಹುಡುಗರಿಗೆ ನೋಡಬೇಕಂತೆ.